ಕುರ್ಚಿ ತಾನಾಗಿ ಖಾಲಿಯಾಗಬೇಕು: ಡೆಬಿಯನ್ ಸಂವಿಧಾನದ ಟಿಪ್ಪಣಿ

ಮುಕ್ತ ತಂತ್ರಾಂಶ ಯೋಜನೆಗಳ ಆಡಳಿತ ಕಲಿಯಲು ಹೊರಟವರು ಹತ್ತು ಕಡೆ ಕೈಹಾಕುವ ಬದಲು ಮೊದಲು ಡೆಬಿಯನ್ ಸಂವಿಧಾನ ಓದುವುದು ವಾಸಿ. 1998ರಿಂದ ಜಾರಿಯಲ್ಲಿದೆ, ಹಲವು ಸಲ ತಿದ್ದುಪಡಿಯಾಗಿದೆ. ಡೆಬಿಯನ್ ಅಂದರೆ ಸ್ವಯಂಸೇವಕರು ಸೇರಿ ಕಟ್ಟುವ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ, ಆ ಯೋಜನೆಯ ಆಡಳಿತ ನಿಯಮಗಳೇ ಈ ಸಂವಿಧಾನ. ಅದಕ್ಕಿಂತ ಹೆಚ್ಚಿನ ಪರಿಚಯ ಇಲ್ಲಿ ಬರೆಯುತ್ತಿಲ್ಲ.

ಸಾಮಾನ್ಯ ನಿಯಮಗಳ ಆರಂಭದಲ್ಲೇ ಇಡೀ ದಾಖಲೆಯ ಕೀಲಿ ಇದೆ. ತಾತ್ಪರ್ಯ ಹೀಗೆ: ಈ ಸಂವಿಧಾನ ಯಾರ ಮೇಲೂ ಕೆಲಸದ ಹೊರೆ ಹೊರಿಸುವುದಿಲ್ಲ, ವಹಿಸಿದ ಕೆಲಸ ಬೇಡವೆನಿಸಿದರೆ ಮಾಡದೆ ಇರಬಹುದು, ಆದರೆ ನಿಯಮದ ಪ್ರಕಾರ ಆದ ತೀರ್ಮಾನಕ್ಕೆ ಅಡ್ಡಗಾಲು ಹಾಕುವಂತಿಲ್ಲ. ಸ್ವಯಂಸೇವಕರಿಗೆ ಸಂಬಳ ಕಡಿತ ಇಲ್ಲ, ನೋಟಿಸು ಇಲ್ಲ. ಹಾಗಾಗಿ ನಾಯಕರಿಂದ ಕೆಲಸ ಮಾಡಿಸುವುದು ಹೇಗೆ ಎಂದು ಕೇಳಿ ಪ್ರಯೋಜನವಿಲ್ಲ. ಕೇಳಬೇಕಾದ್ದು ಇಷ್ಟು: ಕೆಲಸ ನಿಂತಾಗ, "ಎದ್ದೇಳಿ ಸ್ವಾಮಿ" ಅಂತ ಯಾರೂ ಬಾಯಿಬಿಟ್ಟು ಹೇಳದೆ ಜಾಗ ಹೇಗೆ ತೆರವಾಗುತ್ತದೆ?

ಯೋಜನಾ ನಾಯಕ

ಇದು ಸುಲಭದ ಭಾಗ. ಅವಧಿ ಒಂದು ವರ್ಷ. ಒಂದು ವಾರ ನಾಮಪತ್ರ, ಮೂರು ವಾರ ಪ್ರಚಾರ, ಎರಡು ವಾರ ಮತದಾನ. ಮತಪತ್ರದಲ್ಲಿ "ಮೇಲಿನ ಯಾರೂ ಬೇಡ" ಎಂಬುದೂ ಒಂದು ಆಯ್ಕೆ. 2023ರಲ್ಲಿ ಜೊನಾಥನ್ ಕಾರ್ಟರ್ ಒಬ್ಬರೇ ನಿಂತಿದ್ದಾಗ ಅವರ ಎದುರಾಳಿ ಅದೇ.

ಯಾರೂ ನಿಲ್ಲದಿದ್ದರೆ? 2019ರ ಮಾರ್ಚ್‌ನಲ್ಲಿ ಹಾಗೇ ಆಯಿತು: ನಾಮಪತ್ರದ ವಾರ ಮುಗಿದಾಗ ಒಂದು ಹೆಸರೂ ಇರಲಿಲ್ಲ. ನಿಯಮದಲ್ಲಿ ಇದಕ್ಕೂ ಉತ್ತರವಿದೆ. ಅವಧಿ ಒಂದು ವಾರ ವಿಸ್ತರಣೆ, ಬೇಕಾದರೆ ಮತ್ತೆ ಮತ್ತೆ. ಅಷ್ಟರೊಳಗೆ ಕುರ್ಚಿ ಖಾಲಿಯಾದರೆ, ತೀರಾ ಅನಿವಾರ್ಯ ಎನಿಸಿದ ತೀರ್ಮಾನಗಳನ್ನು ತಾಂತ್ರಿಕ ಸಮಿತಿಯ (ತಾಂತ್ರಿಕ ಜಗಳಗಳನ್ನು ಬಗೆಹರಿಸುವ ಸಮಿತಿ) ಅಧ್ಯಕ್ಷರು ಮತ್ತು ಯೋಜನಾ ಕಾರ್ಯದರ್ಶಿ ಇಬ್ಬರೂ ಒಪ್ಪಿ ತೆಗೆದುಕೊಳ್ಳಬಹುದು. ವಿಸ್ತರಿಸಿದ ವಾರದಲ್ಲಿ ಜನ ಮುಂದೆ ಬಂದರು, ಕೊನೆಗೆ ನಾಲ್ಕು ಹೆಸರು ಮತಪತ್ರಕ್ಕೆ ಹೋದವು, ಸ್ಯಾಮ್ ಹಾರ್ಟ್‌ಮನ್ ಗೆದ್ದರು. ಆ ನಾಲ್ವರಲ್ಲಿ ಕಾರ್ಟರ್ ಕೂಡ ಇದ್ದರು. 2020ರಿಂದ ಸತತ ನಾಲ್ಕು ಸಲ ಗೆದ್ದವರು ಅವರೇ. ನಮ್ಮ ದೇಶದ ಶ್ರುತಿ ಚಂದ್ರನ್ 2020, 2021 ಮತ್ತು 2024ರಲ್ಲಿ ಸ್ಪರ್ಧಿಸಿದ್ದರು. ಒಬ್ಬರು ಎಷ್ಟು ಸಲ ಗೆಲ್ಲಬಹುದು ಎಂಬುದಕ್ಕೆ ಮಿತಿ ಇಲ್ಲ. ಪ್ರತಿ ವರ್ಷ "ಮತ್ತೆ ನಿಲ್ಲುತ್ತೀರಾ?" ಎಂಬ ಪ್ರಶ್ನೆ ತಾನಾಗಿ ಎದುರು ಬರುವುದರಿಂದ ಮಿತಿಯ ಅಗತ್ಯವೂ ಅಷ್ಟಾಗಿ ಬಿದ್ದಿಲ್ಲ ಅನ್ನಿಸುತ್ತದೆ.

ತಾಂತ್ರಿಕ ಸಮಿತಿ ಮತ್ತು ಆ 42 ತಿಂಗಳು

ತಲೆ ಕೆಡಿಸುವ ಭಾಗ ಇದು. ಗರಿಷ್ಠ ಎಂಟು ಜನರ ಈ ಸಮಿತಿಗೆ ಮೊದಲು ಅವಧಿಯೇ ಇರಲಿಲ್ಲ. ಒಮ್ಮೆ ಬಂದವರು ತಾವಾಗಿ ಹೋಗುವ ತನಕ ಇರಬಹುದಿತ್ತು. 2014ರ ಫೆಬ್ರವರಿಯಲ್ಲಿ ಸಿಸ್ಟಮ್‌ಡಿ (ಯಂತ್ರ ಶುರುವಾಗುವಾಗ ಉಳಿದ ಸೇವೆಗಳನ್ನು ಎಬ್ಬಿಸುವ ತಂತ್ರಾಂಶ) ಬಳಸಬೇಕೇ ಎಂಬ ಜಗಳ ಅಧ್ಯಕ್ಷರ ನಿರ್ಣಾಯಕ ಮತದಿಂದ ತೀರ್ಮಾನವಾಯಿತು. ನವೆಂಬರ್‌ನಲ್ಲಿ ಮೂವರು ಸದಸ್ಯರು ರಾಜೀನಾಮೆ ಕೊಟ್ಟರು. ಡಿಸೆಂಬರ್‌ನಲ್ಲಿ ಅವಧಿ ಮಿತಿಯ ತಿದ್ದುಪಡಿ ಅಂಗೀಕಾರವಾಯಿತು.

ಈಗಿನ ನಿಯಮ: ಪ್ರತಿ ಜನವರಿ 1ರಂದು, 42 ತಿಂಗಳಿಗಿಂತ ಹೆಚ್ಚು ಸೇವೆ ಸಲ್ಲಿಸಿರುವ ಮತ್ತು ಅತಿ ಹಿರಿಯ ಇಬ್ಬರಲ್ಲಿ ಒಬ್ಬರಾಗಿರುವ ಸದಸ್ಯರ ಅವಧಿ ಅದೇ ವರ್ಷದ ಡಿಸೆಂಬರ್ 31ಕ್ಕೆ ಮುಗಿಯುತ್ತದೆ.

ಇದನ್ನು ಓದಿದವರೆಲ್ಲ ಮೂರೂವರೆ ವರ್ಷದ ಅವಧಿ ಅಂದುಕೊಳ್ಳುತ್ತಾರೆ. ಹಾಗೆ ಮೂರೂವರೆ ವರ್ಷಕ್ಕೆ ಯಾರೂ ಹೊರಹೋಗುವುದೇ ಇಲ್ಲ. ಮಕ್ಕಳನ್ನು ಶಾಲೆಗೆ ಸೇರಿಸುವಾಗ ಜೂನ್ 1ಕ್ಕೆ ವಯಸ್ಸು ತುಂಬಿರಬೇಕು ಅನ್ನುತ್ತಾರಲ್ಲ, ಅದೇ ಲೆಕ್ಕ: ತುಂಬಿದ ದಿನಕ್ಕಿಂತ ಎಣಿಸುವ ದಿನ ಮುಖ್ಯ.

ಕಾಗದದ ಮೇಲೆ ಹಾಕಿ ನೋಡಿ. ಒಬ್ಬರು 2019ರ ಮೇ 1ರಂದು ಸೇರಿದರು ಅನ್ನೋಣ. 2022ರ ಜನವರಿ 1ಕ್ಕೆ 32 ತಿಂಗಳು, ಸಾಲದು. 2023ರ ಜನವರಿ 1ಕ್ಕೆ 44 ತಿಂಗಳು, ಸಾಕು. ಅತಿ ಹಿರಿಯ ಇಬ್ಬರಲ್ಲಿದ್ದರೆ 2023ರ ಡಿಸೆಂಬರ್ 31ಕ್ಕೆ ನಿರ್ಗಮನ. ಒಟ್ಟು 56 ತಿಂಗಳು. ಇನ್ನೊಬ್ಬರು ಮೂರೇ ತಿಂಗಳು ತಡವಾಗಿ, ಆಗಸ್ಟ್ 1ರಂದು ಸೇರಿದರು. 2023ರ ಜನವರಿ 1ಕ್ಕೆ ಅವರದು 41 ತಿಂಗಳು, ಒಂದು ತಿಂಗಳಲ್ಲಿ ತಪ್ಪಿಹೋಯಿತು. ಮುಂದಿನ ಎಣಿಕೆ 2024ಕ್ಕೆ, ನಿರ್ಗಮನ ಆ ವರ್ಷದ ಕೊನೆಗೆ. ಒಟ್ಟು 65 ತಿಂಗಳು. ಮೂರು ತಿಂಗಳು ತಡವಾಗಿ ಬಂದವರಿಗೆ ಒಂಬತ್ತು ತಿಂಗಳು ಹೆಚ್ಚು! ಅಂದರೆ ನಿಜವಾದ ಅವಧಿ ಸುಮಾರು ನಾಲ್ಕೂವರೆಯಿಂದ ಐದೂವರೆ ವರ್ಷ.

ಇಷ್ಟಕ್ಕೇ ಮುಗಿಯಲಿಲ್ಲ. ಮೂವರಿಗೆ 42 ತಿಂಗಳು ದಾಟಿದ್ದರೆ ಮೂರನೆಯವರು ಉಳಿಯುತ್ತಾರೆ, ಏಕೆಂದರೆ ಹಿರಿತನದ ಷರತ್ತು ಇಬ್ಬರಿಗೆ ಮಾತ್ರ. ಅವರು ಐದೂವರೆ ವರ್ಷವನ್ನೂ ಮೀರಬಹುದು. ಹಾಗಾಗಿ 42 ತಿಂಗಳನ್ನು ನಿರ್ಗಮನದ ಸಾಲಿನಲ್ಲಿ ನಿಲ್ಲುವ ಅರ್ಹತೆ ಎಂದು ಓದಿಕೊಳ್ಳಿ. ಗೊಂದಲ ಅಲ್ಲಿಗೆ ಮುಕ್ಕಾಲು ಪಾಲು ಕರಗುತ್ತದೆ.

ಇಷ್ಟು ಸುತ್ತುಬಳಸು ಯಾಕೆ? ಅವಧಿ ಮುಗಿದ ಕಾರಣಕ್ಕೆ ಒಂದೇ ವರ್ಷದಲ್ಲಿ ಇಬ್ಬರಿಗಿಂತ ಹೆಚ್ಚು ಹೋಗದಿದ್ದರೆ ಹಳೆಯ ತೀರ್ಮಾನಗಳ ನೆನಪು ಸಮಿತಿಯಲ್ಲಿ ಉಳಿಯುತ್ತದೆ. ಜೊತೆಗೆ ಒಂದು ವರ್ಷ ಮೊದಲೇ ದಿನಾಂಕ ಎಲ್ಲರಿಗೂ ಗೊತ್ತಿರುವುದರಿಂದ ಉತ್ತರಾಧಿಕಾರಿಯನ್ನು ಹುಡುಕಲು ಸಮಯ ಸಿಗುತ್ತದೆ. ಹೋದವರನ್ನು ಮರುದಿನವೇ ಮತ್ತೆ ನೇಮಿಸಿಕೊಳ್ಳುವ ಕಳ್ಳದಾರಿಯನ್ನೂ ಮುಚ್ಚಿದ್ದಾರೆ: 12 ತಿಂಗಳ ಬಿಡುವು ಕಡ್ಡಾಯ.

ಉಳಿದವು, ಚುಟುಕಾಗಿ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಯೋಜನೆಯಲ್ಲಿ 2018ರ ಜುಲೈನಲ್ಲಿ ಅದರ ಸೃಷ್ಟಿಕರ್ತ ಗಿಡೋ ವಾನ್ ರೋಸಮ್ ಮುಂದಾಳತ್ವ ಬಿಟ್ಟ ಮೇಲೆ ಐವರ ಸ್ಟೀರಿಂಗ್ ಕೌನ್ಸಿಲ್ ಎಂಬ ಮುನ್ನಡೆಸುವ ಮಂಡಳಿ ಬಂತು. ಒಂದೇ ಕಂಪನಿಯವರು ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ನನಗೆ ಮೆಚ್ಚಿಗೆಯಾದದ್ದು ಕೋರ್ ಸದಸ್ಯರ ನಿಯಮ: ಎರಡು ವರ್ಷ ಗಣನೀಯ ಕೊಡುಗೆ ಇಲ್ಲದಿದ್ದರೆ ನಿಷ್ಕ್ರಿಯರ ಪಟ್ಟಿಗೆ ಹೋಗುವಂತೆ ಕೇಳಬಹುದು, ಉತ್ತರ ಬರದಿದ್ದರೆ ತಾವೇ ಸೇರಿಸಬಹುದು. ಮೌನಂ ಸಮ್ಮತಿ ಲಕ್ಷಣಂ, ಅಕ್ಷರಶಃ. ಹಲವು ಮುಕ್ತ ತಂತ್ರಾಂಶ ಯೋಜನೆಗಳನ್ನು ಸಾಕುವ ಅಪಾಚಿ ಸಂಸ್ಥೆಯಲ್ಲಿ ಯಾವುದೇ ಹೊಸ ಆವೃತ್ತಿಯ ಬಿಡುಗಡೆಗೆ ಯೋಜನಾ ಸಮಿತಿಯ ಮೂವರ ಒಪ್ಪಿಗೆ ಮತ ಬೇಕು. ಅಷ್ಟು ಜನರೂ ಸಿಗದ ಯೋಜನೆ ಆ್ಯಟಿಕ್ ಎಂಬ, ನಿಂತುಹೋದ ಯೋಜನೆಗಳ ಅಟ್ಟಕ್ಕೆ ಹೋಗುತ್ತದೆ.

ಆದರೆ ಮೌನವನ್ನು ನೋಡಿ ತೆಗೆಯುವ ಇಂಥ ನಿಯಮಗಳು ಪೂರ್ತಿ ಮೌನವಾದವರನ್ನು ಮಾತ್ರ ಹಿಡಿಯುತ್ತವೆ. "ಇದ್ದೀನಿ, ಮುಂದಿನ ವಾರ ನೋಡ್ತೀನಿ" ಅಂತ ಉತ್ತರಿಸುತ್ತಲೇ ಏನೂ ಮಾಡದವರು ಪೈಥಾನ್‌ನ ಜರಡಿಯಿಂದಲೂ ತಪ್ಪಿಸಿಕೊಳ್ಳಬಹುದು. ದಿನಾಂಕ ಕಟ್ಟಿದ ಅವಧಿ ಈ ವಿಷಯದಲ್ಲಿ ಮೇಲು, ಅದು ಯಾರ ಉತ್ತರಕ್ಕೂ ಕಾಯುವುದಿಲ್ಲ.

ಖಾಲಿ ಮಾಡುವುದು ಬೇರೆ, ತುಂಬುವುದು ಬೇರೆ

ಡೆಬಿಯನ್‌ನಲ್ಲಿ ಜಾಗ ಖಾಲಿಯಾಗುವುದಷ್ಟೇ ತಾನಾಗಿ ಆಗುತ್ತದೆ. ತುಂಬುವುದಕ್ಕೆ ಚುನಾವಣೆ ಅಥವಾ ನೇಮಕ ಬೇಕೇ ಬೇಕು. ಸಣ್ಣ ಯೋಜನೆಗಳು ಈ ಎರಡನ್ನೂ ಒಂದಾಗಿಸಿದರೆ ಏನಾಗಬಹುದು ಎಂಬುದನ್ನು ಎಕ್ಸ್‌ಝಡ್ ಪ್ರಕರಣದಲ್ಲಿ ನೋಡಬಹುದು. ಒಬ್ಬರೇ ಬಹುಕಾಲ ನೋಡಿಕೊಳ್ಳುತ್ತಿದ್ದ, ಕಡತಗಳ ಗಾತ್ರ ಕುಗ್ಗಿಸುವ ತಂತ್ರಾಂಶ ಅದು. 2022ರಲ್ಲಿ ಅಪರಿಚಿತ ಖಾತೆಗಳು "ಕೆಲಸ ನಿಧಾನ, ಬೇರೆಯವರಿಗೆ ಕೊಡಿ" ಎಂದು ಒತ್ತಡ ಹಾಕಿದವು. ಆಗ ಕೈಜೋಡಿಸುತ್ತಿದ್ದ ಜಿಯಾ ಟ್ಯಾನ್ ಎಂಬ ಹೆಸರಿನ ಖಾತೆಗೆ ಕ್ರಮೇಣ ಬಿಡುಗಡೆಯ ಅಧಿಕಾರ ಸಿಕ್ಕಿತು. 2024ರ ಮಾರ್ಚ್ 29ರಂದು ತಂತ್ರಾಂಶ ತಜ್ಞ ಆಂಡ್ರೆಸ್ ಫ್ರಾಯ್ಂಡ್ ಬಯಲು ಮಾಡಿದ, ಆ ಖಾತೆ ಸೇರಿಸಿದ್ದ ಹಿಂಬಾಗಿಲು (ಕದ್ದು ಒಳನುಗ್ಗುವ ದಾರಿ) 5.6.0 ಮತ್ತು 5.6.1 ಆವೃತ್ತಿಗಳಲ್ಲಿತ್ತು. ಅವರು ಅದನ್ನು ಪತ್ತೆ ಹಚ್ಚಿದ್ದು ಡೆಬಿಯನ್‌ನ ಅಸ್ಥಿರ ಶಾಖೆ ಓಡುತ್ತಿದ್ದ ಯಂತ್ರದಲ್ಲಿ, ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಪ್ರವೇಶಿಸುವ ಸಾಧನ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದನ್ನು ಬೆನ್ನುಹತ್ತಿ.