ನೆತ್ತಿಗೆ ಹತ್ತುವುದು ಮತ್ತು ಗದ್ದದಡಿಯ ಸ್ನಾಯುಗಳು

ಪಾರ್ಶ್ವವಾಯುವಾದ ತಂದೆಯನ್ನು ಕರೆತರುವ ಮಕ್ಕಳು ಹಲವು ಬಾರಿ ನನ್ನೆದುರು ಹೇಳುವ ಮಾತಿದು: 'ಗಂಜಿ ಹೇಗೋ ಇಳಿಯುತ್ತದೆ ಡಾಕ್ಟರೇ, ನೀರು ಕೊಟ್ಟರೆ ಮಾತ್ರ ನೆತ್ತಿಗೆ ಹತ್ತುತ್ತದೆ.' ಗಂಜಿಗಿಂತ ನೀರು ಕಷ್ಟವಾಗುವುದು ಅವರಿಗೆ ವಿಚಿತ್ರವೆನಿಸುತ್ತದೆ. ಅದು ಅರ್ಥವಾಗಬೇಕಾದರೆ ಕತ್ತಿನ ಮುಂಭಾಗದ ಸ್ನಾಯುಗಳನ್ನು ಪರಿಚಯಿಸಿಕೊಳ್ಳಬೇಕು.

ಗಂಟಲಮಣಿಯ ಮೇಲೆ ಬೆರಳಿಟ್ಟು ಎಂಜಲು ನುಂಗಿ ನೋಡಿ. ಅದು ಮೇಲಕ್ಕೇರಿ ಮತ್ತೆ ಕೆಳಗಿಳಿಯುತ್ತದೆ. ಅದರ ತುಸು ಮೇಲೆ, ಬೇರಾವ ಮೂಳೆಯೊಂದಿಗೂ ಕೀಲುಗೂಡದೆ, ಸ್ನಾಯುಗಳ ಮತ್ತು ಅಸ್ಥಿರಜ್ಜುಗಳ ಆಸರೆಯಲ್ಲಿಯೇ ನಿಂತಿರುವ ಲಾಳಾಕಾರದ ಪುಟ್ಟ ಮೂಳೆಯೇ ಹಯಾಯ್ಡ್. ಅದರ ಮೇಲ್ಬದಿಗೆ ನಾಲ್ಕು ಜೋಡಿ ಸ್ನಾಯುಗಳಿವೆ. ಬಾಯಿಯ ತಳಕ್ಕೆ ಜೋಲಿಯಂತೆ ಕಟ್ಟಿರುವ ಮೈಲೋಹಯಾಯ್ಡ್ ಆ ಮೂಳೆಯನ್ನು ಮೇಲಕ್ಕೆತ್ತಿದರೆ, ಗದ್ದದ ಒಳಬದಿಯಿಂದ ಬರುವ ಜೀನಿಯೋಹಯಾಯ್ಡ್ ಮುಖ್ಯವಾಗಿ ಮುಂದಕ್ಕೆಳೆಯುತ್ತದೆ. ಉಳಿದವು ಸ್ಟೈಲೋಹಯಾಯ್ಡ್ ಮತ್ತು ಎರಡು ಹೊಟ್ಟೆಗಳ, ಅಂದರೆ ಎರಡು ಮಾಂಸಲ ಭಾಗಗಳ, ಡೈಗ್ಯಾಸ್ಟ್ರಿಕ್. ಡೈಗ್ಯಾಸ್ಟ್ರಿಕ್‌ನ ಮುಂದಿನ ಹೊಟ್ಟೆಯನ್ನು ನಡೆಸುವುದು ಮಿದುಳಿನಿಂದ ನೇರವಾಗಿ ಹೊರಡುವ ಕಪಾಲನರಗಳಲ್ಲಿ 5ನೆಯದು, ಹಿಂದಿನದನ್ನು 7ನೆಯದು. ಭ್ರೂಣದ ಕತ್ತಿನ ಭಾಗದಲ್ಲಿ ಮೂಡುವ ಕಮಾನಿನಂಥ ಉಬ್ಬುಗಳಲ್ಲಿ ಬೇರೆ ಬೇರೆಯವುಗಳಿಂದ ಆ ಎರಡು ಹೊಟ್ಟೆಗಳು ಹುಟ್ಟಿದವು. ವಿದ್ಯಾರ್ಥಿಗಳು ಮೌಖಿಕ ಪರೀಕ್ಷೆಯಲ್ಲಿ ತಡವರಿಸುವುದು ಇಲ್ಲಿಯೇ. ಮೂಳೆಯ ಕೆಳಗಿನ ನಾಲ್ಕು ಜೋಡಿಗಳಲ್ಲಿ ಮೂರು ಅದನ್ನು ಕೆಳಗೆಳೆದು ಸ್ಥಿರಗೊಳಿಸುತ್ತವೆ. ಥೈರೋಹಯಾಯ್ಡ್ ಮಾತ್ರ ಧ್ವನಿಪೆಟ್ಟಿಗೆಯನ್ನೇ ಹಯಾಯ್ಡ್‌ನತ್ತ ಎತ್ತುತ್ತದೆ.

ನುಂಗುವಾಗಿನ ಈ ಎಳೆತದ ಫಲ ಎರಡು. ಧ್ವನಿಪೆಟ್ಟಿಗೆ ನಾಲಗೆಯ ಬುಡದಡಿ ಸರಿದು, ಎಪಿಗ್ಲಾಟಿಸ್ ಎಂಬ ಎಲೆಯಂಥ ಮುಚ್ಚಳ ಹಿಂದಕ್ಕೆ ಬಾಗುತ್ತದೆ; ಧ್ವನಿತಂತುಗಳೂ ಮುಚ್ಚಿಕೊಂಡು ಉಸಿರು ಕ್ಷಣಕಾಲ ನಿಲ್ಲುತ್ತದೆ. ಎರಡನೆಯದನ್ನು ಜನ ಊಹಿಸುವುದಿಲ್ಲ. ಅನ್ನನಾಳದ ಬಾಯಿಯನ್ನು ಸದಾ ಬಿಗಿಹಿಡಿದಿರುವ ಕ್ರೈಕೋಫ್ಯಾರಿಂಜಿಯಸ್ ಸ್ನಾಯು ಮಿದುಳುಕಾಂಡದ ಆಜ್ಞೆಯಂತೆ ಸಡಿಲಗೊಂಡರೂ, ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿದು ಅದನ್ನು ಎಳೆದು ತೆರೆಯದಿದ್ದರೆ ದಾರಿ ಸಾಕಷ್ಟು ಅಗಲವಾಗದು. ಗಂಟಲಿನ ಈ ಕೆಲಸವೆಲ್ಲ ಸುಮಾರು 1 ಸೆಕೆಂಡಿನಲ್ಲಿ ಮುಗಿಯಬೇಕು.

ನೀರು ಅಷ್ಟು ಹೊತ್ತೂ ಕಾಯುವುದಿಲ್ಲ. ಪಾರ್ಶ್ವವಾಯುವಿನಿಂದ ಈ ಪ್ರತಿಕ್ರಿಯೆ ತಡವಾದರೆ, ಶ್ವಾಸಮಾರ್ಗ ಮುಚ್ಚುವ ಮೊದಲೇ ಅದು ಒಳಹರಿಯುತ್ತದೆ. ಗಂಜಿ ನಿಧಾನವಾಗಿ ಜಾರುವುದರಿಂದ ಸಮಯ ಸಿಗುತ್ತದೆ. ಆದರೆ ಎಳೆಯುವ ಸ್ನಾಯುಗಳೇ ಸೋತಿದ್ದರೆ ಗಂಜಿಯೂ ಗಂಟಲಲ್ಲಿ ಉಳಿದು, ನುಂಗಿದ ಮೇಲೆ ಉಸಿರಿನೊಡನೆ ಒಳಗಿಳಿಯಬಹುದು. ಹಾಗಾಗಿ ಕೆಮ್ಮು ಯಾವಾಗ ಬರುತ್ತದೆ, ಊಟದ ನಂತರ ದನಿ ಗೊರಗೊರ ಎನ್ನುತ್ತದೆಯೇ ಎಂದು ವಿಚಾರಿಸುತ್ತೇನೆ. ಕೆಮ್ಮೇ ಬರದೆ ಆಹಾರ ಶ್ವಾಸಕೋಶ ಸೇರುವವರ ಬಗ್ಗೆ ನನಗೆ ಹೆಚ್ಚು ಆತಂಕ.

ಅಂಗಾತ ಮಲಗಿ, ಭುಜ ಎತ್ತದೆ, ತಲೆಯನ್ನಷ್ಟೇ ಎತ್ತಿ ಕಾಲ್ಬೆರಳು ನೋಡುವ ವ್ಯಾಯಾಮ ಗದ್ದದಡಿಯ ಸ್ನಾಯುಗಳನ್ನು ಬಲಪಡಿಸುತ್ತದೆ. ಕತ್ತಿನ ಮೂಳೆಯ ತೊಂದರೆ ಇರುವವರಿಗೆ ಅದು ಸಲ್ಲದು, ಪರೀಕ್ಷೆಯಾಗದೆ ಯಾರೂ ಆರಂಭಿಸಬಾರದು. ಅದಕ್ಕೂ ಮೊದಲು ನಾನು ಬಿಡಿಸುವುದು ನಮ್ಮ ಮನೆಗಳ ಹಳೆಯ ರೂಢಿಯಾದ ಎತ್ತಿ ಕುಡಿಯುವುದನ್ನು: ಕತ್ತು ಹಿಂದೆ ಬಾಗಿದಾಗ ಧ್ವನಿಪೆಟ್ಟಿಗೆ ಮೇಲೇರುವುದು ಕಠಿಣವಾಗುತ್ತದೆ, ನೀರು ಮಾತ್ರ ಇನ್ನಷ್ಟು ಬೇಗ ಧುಮುಕುತ್ತದೆ.