ಆಟಿ ತಿಂಗಳ ಮನೆ ಮತ್ತು ಉಪ್ಪಿನ ಬಟ್ಟಲು

ಮಂಗಳೂರು, ಉಡುಪಿಯ ಹಲವು ಮನೆಗಳಲ್ಲಿ ಈಗ ಬಚ್ಚಲುಮನೆಯ ಮೂಲೆಯಲ್ಲೋ ಮಲಗುವ ಕೋಣೆಯಲ್ಲೋ ಒಂದು ಗಾಜಿನ ಬಟ್ಟಲು ಕಾಣುತ್ತದೆ. ಅದರ ತುಂಬ ಕಲ್ಲುಪ್ಪು. ಮನೆಯ ಕೆಟ್ಟ ಶಕ್ತಿಯನ್ನು ಉಪ್ಪು ಎಳೆದುಕೊಳ್ಳುತ್ತದೆ, ಮನೆಯವರ ಆರೋಗ್ಯ ಸುಧಾರಿಸುತ್ತದೆ ಎಂಬ ನಂಬಿಕೆ. ಆಟಿ ತಿಂಗಳು, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ಕಾಲ, ಬಂದಾಗ ಆ ಉಪ್ಪು ನೀರಾಗಿರುತ್ತದೆ. "ನೋಡಿ, ಎಷ್ಟು ನೆಗೆಟಿವ್ ಎನರ್ಜಿ ಇತ್ತು!" ಅನ್ನುತ್ತಾರೆ.

ಉಪ್ಪು ಏನನ್ನೋ ಎಳೆದುಕೊಂಡದ್ದು ನಿಜವೇ. ಅದು ಗಾಳಿಯಲ್ಲಿದ್ದ ನೀರಾವಿ. ಜನವರಿಯಲ್ಲಿ ಅದೇ ಕೋಣೆಯಲ್ಲಿ ಉಪ್ಪು ಅಷ್ಟು ಬೇಗ ನೀರಾಗುವುದಿಲ್ಲ. ಮನೆ ಅದೇ, ಜನರೂ ಅವರೇ, ಗಾಳಿ ಮಾತ್ರ ಒಣಗಿರುತ್ತದೆ. ಹಾಗಂತ ಆ ಬಟ್ಟಲನ್ನು ಎಸೆಯಿರಿ ಎಂದು ನಾನು ಹೇಳುವುದಿಲ್ಲ. ಕರಾವಳಿಯ ಮನೆಯೊಳಗಿನ ಆರೋಗ್ಯದ ಬಗ್ಗೆ ಅದು ಹೇಳುವಷ್ಟು ಸತ್ಯವನ್ನು ಇಂಟೀರಿಯರ್ ಕ್ಯಾಟಲಾಗುಗಳು ಹೇಳುವುದಿಲ್ಲ.

ಅಡುಗೆ ಉಪ್ಪಿಗೆ ಒಂದು ಗಡಿ ಉಂಟು. ಗಾಳಿಯ ಸಾಪೇಕ್ಷ ತೇವಾಂಶ (ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಈಗ ಇದೆ ಎಂಬ ಲೆಕ್ಕ) ಸುಮಾರು ಶೇಕಡಾ 75 ದಾಟುವವರೆಗೆ ಅದು ಹರಳಾಗಿಯೇ ಇರುತ್ತದೆ. ದಾಟಿದರೆ ಕರಗಲು ಶುರು. ಹರಳಿನ ಮೇಲೆ ನೀರಿನ ಅಣುಗಳು ಸದಾ ಬಂದು ಅಂಟುತ್ತಿರುತ್ತವೆ, ಬಿಟ್ಟು ಹಾರುತ್ತಲೂ ಇರುತ್ತವೆ. ಬರಿ ನೀರಿನಿಂದ ಅವು ಸಲೀಸಾಗಿ ಹಾರುತ್ತವೆ. ಉಪ್ಪು ಕರಗಿದ ನೀರಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಅವನ್ನು ಹಿಡಿದಿಟ್ಟುಕೊಳ್ಳುತ್ತವೆ. ಉಪ್ಪು ತುಂಬಿ ನಿಂತ ನೀರಿನಿಂದ ಹೊರಡುವ ಆವಿ ಬರಿ ನೀರಿನದರ ಮುಕ್ಕಾಲು ಭಾಗ ಮಾತ್ರ. ಗಾಳಿಯಲ್ಲಿ ಅದಕ್ಕಿಂತ ಜಾಸ್ತಿ ಆವಿ ಇದ್ದರೆ ಹೋಗುವ ನೀರಿಗಿಂತ ಬರುವ ನೀರೇ ಹೆಚ್ಚು. ಹರಳು ಪೂರ್ತಿ ಕರಗಿದರೂ ಇದು ನಿಲ್ಲುವುದಿಲ್ಲ. ಕಲ್ಲುಪ್ಪಿನಲ್ಲಿ ಸ್ವಲ್ಪ ಮೆಗ್ನೀಸಿಯಂ ಕ್ಲೋರೈಡೂ ಇರುವುದರಿಂದ ಅದು ಇನ್ನೂ ಮೊದಲೇ ಒದ್ದೆಯಾಗುತ್ತದೆ.

ಈ 75ರ ಗಡಿ ಕೋಣೆಯ ಉಷ್ಣತೆ ಏರಿದರೂ ಇಳಿದರೂ ಹೆಚ್ಚು ಕದಲುವುದಿಲ್ಲ. ಅದಕ್ಕೇ ತೇವಾಂಶದ ಮೀಟರು ಸರಿಯಿದೆಯಾ ಎಂದು ನೋಡಲು ಪ್ರಯೋಗಾಲಯಗಳಲ್ಲೂ ಉಪ್ಪನ್ನೇ ಬಳಸುತ್ತಾರೆ. ನೀವೂ ಮಾಡಿ ನೋಡಬಹುದು. ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಅದು ಕೆಸರಿನಂತಾಗುವಷ್ಟು ಹನಿ ನೀರು ಬಿಡಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಒಂದು ರಾತ್ರಿ ಬಿಡಿ. ಮೀಟರು 75 ತೋರಿಸಬೇಕು. 70 ತೋರಿಸಿದರೆ ನಿಮ್ಮ ಮೀಟರು ಐದು ಕಡಿಮೆ ಹೇಳುತ್ತದೆ ಎಂದರ್ಥ.

ಇಲ್ಲಿಂದ ಮುಂದಿನದು ನನಗೆ ಅತ್ಯಂತ ಇಷ್ಟವಾದ ಭಾಗ. ನಮ್ಮ ಹಾಸಿಗೆ, ದಿಂಬು, ಸೋಫಾಗಳಲ್ಲಿ ಧೂಳುಹುಳಗಳು ಇರುತ್ತವೆ. ಉದ್ದ ಸುಮಾರು ಕಾಲು ಮಿಲಿಮೀಟರ್. ನಮ್ಮ ಚರ್ಮದಿಂದ ಉದುರಿದ ಹೊಟ್ಟೇ ಅವುಗಳ ಊಟ. ಮನೆಯ ಧೂಳಿನ ಅಲರ್ಜಿಗೆ ಮುಖ್ಯ ಕಾರಣ ಈ ಹುಳ ಎಂದು 1960ರ ದಶಕದಲ್ಲಿ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ವೂರ್‌ಹಾರ್ಸ್ಟ್ ಮತ್ತು ಸ್ಪೀಕ್ಸ್‌ಮಾ ಎಂಬ ವಿಜ್ಞಾನಿಗಳ ತಂಡ ತೋರಿಸಿತು. ತೇವ ಇರುವ ಮನೆಯಲ್ಲಿ ಹುಳ ಜಾಸ್ತಿ ಎಂಬುದೂ ಆಗಲೇ ಗೊತ್ತಾಯಿತು. ಇದಕ್ಕೆ ಕುಡಿಯಲು ನೀರು ಎಲ್ಲಿಂದ? ಹಾಸಿಗೆಯೊಳಗೆ ಹನಿ ನೀರಿಲ್ಲ. ಆದರೆ ಅದರ ಮುಂಗಾಲಿನ ಬುಡದಲ್ಲಿ ಒಂದು ಗ್ರಂಥಿ ಇದೆ. ಅದರಿಂದ ಒಸರುವ ದ್ರವದಲ್ಲಿ ಸೋಡಿಯಂ ಕ್ಲೋರೈಡೂ ಪೊಟ್ಯಾಸಿಯಂ ಕ್ಲೋರೈಡೂ ಇರುತ್ತವೆ. ತೇವಾಂಶ 70-73ರ ಆಸುಪಾಸು ದಾಟಿದಾಗ ಆ ದ್ರವ ಗಾಳಿಯ ನೀರನ್ನು ಹೀರುತ್ತದೆ, ಅದು ಬಾಯಿಗೆ ಹರಿಯುತ್ತದೆ. ಗಾಳಿ ಒಣಗಿದರೆ ಉಪ್ಪು ಹರಳುಗಟ್ಟಿ ಗ್ರಂಥಿಯ ಬಾಯಿ ಮುಚ್ಚುತ್ತದೆ. ಅಂದರೆ ಬಟ್ಟಲಲ್ಲಿ ನಡೆಯುವುದೇ ಹುಳದ ಮೈಯಲ್ಲೂ ನಡೆಯುತ್ತದೆ. ಉಪ್ಪು ಕರಗಿದ ಕೋಣೆಯಲ್ಲಿ ಧೂಳುಹುಳಕ್ಕೆ ಕುಡಿಯಲು ನೀರು ಸಿಕ್ಕಿರುತ್ತದೆ. ಅದರ ಹಿಕ್ಕೆ ಉಸಿರಿನೊಂದಿಗೆ ಒಳಗೆ ಹೋದಾಗ ಸೀನು, ಉಬ್ಬಸ ಶುರುವಾಗುವ ಮಕ್ಕಳಿದ್ದಾರೆ.

ಬೂಷ್ಟಿನ ಗಡಿಯೂ ಹತ್ತಿರವೇ. ಗೋಡೆಯ ಅಥವಾ ಬಟ್ಟೆಯ ಮೈಗೆ ತಾಗಿದ ಗಾಳಿಯ ತೇವಾಂಶ ದಿನಗಟ್ಟಲೆ 80ರ ಹತ್ತಿರ ನಿಂತರೆ ಬೂಷ್ಟು ಬೆಳೆಯುತ್ತದೆ. ಜುಲೈಯಲ್ಲಿ ನಮ್ಮ ಹೊರಗಿನ ಗಾಳಿಯೇ 90ರ ಆಸುಪಾಸು ಇರುತ್ತದೆ. ರೇಷ್ಮೆಯ ಪಟ್ಟೆ ಸೀರೆ, ಚರ್ಮದ ಬೆಲ್ಟು, ಮದುವೆಯ ಆಲ್ಬಮ್ಮು, ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಒಂದು ಇಡೀ ಮಾರ್ಗಸೂಚಿಯನ್ನೇ ಹೊರತಂದಿತು. ಉಸಿರಾಟದ ತೊಂದರೆಗೂ ತೇವದ ಮನೆಗೂ ನಂಟಿದೆ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ.

ಈಗ ವಾಸ್ತುವಿನ ಮಾತು. ಯಜಮಾನರ ಕೋಣೆ ನೈಋತ್ಯದಲ್ಲಿ ಇರಬೇಕು, ಭಾರದ ಕಪಾಟೂ ನೈಋತ್ಯದ ಗೋಡೆಗೆ ತಾಗಿರಬೇಕು ಎನ್ನುತ್ತಾರೆ. ನಮ್ಮ ಮಳೆ ಬರುವುದು ಯಾವ ದಿಕ್ಕಿನಿಂದ? ನೈಋತ್ಯದಿಂದ, ಪಶ್ಚಿಮದಿಂದ. ಅರಬ್ಬೀ ಸಮುದ್ರದ ಗಾಳಿಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಡೆಯುವುದು ಅದೇ ಗೋಡೆಗೆ. ಮನೆಯಲ್ಲೇ ಅತಿ ಒದ್ದೆ ಗೋಡೆಯನ್ನು ಹುಡುಕಿ, ಅದಕ್ಕೆ ಬಟ್ಟೆ ತುಂಬಿದ ಕಪಾಟನ್ನು ಒತ್ತಿಟ್ಟಂತಾಯಿತು, ಅಲ್ವಾ? ಹಿಂದೆ ಗಾಳಿ ಆಡುವುದಿಲ್ಲ, ಬೂಷ್ಟು ಬರುತ್ತದೆ. ಆಮೇಲೆ ಅದಕ್ಕೂ ದೋಷ ಹುಡುಕಿ ಪರಿಹಾರಕ್ಕೆ ದುಡ್ಡು ಕೊಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಪಾಟನ್ನು ಒಳಗಿನ ಗೋಡೆಗೆ ಸರಿಸಿ, ಹಿಂದೆ ನಾಲ್ಕು ಬೆರಳು ಜಾಗ ಬಿಡಿ. ಇದಕ್ಕೆ ಖರ್ಚಿಲ್ಲ.

ಹೊರಗೇ 90 ಇರುವಾಗ ಕಿಟಕಿ ತೆರೆದು ತೇವ ಕಳೆಯುವುದು ಹೇಗೆ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಕಿಟಕಿ ತೆರೆದ ಮಾತ್ರಕ್ಕೆ ಜುಲೈಯಲ್ಲಿ ಮನೆ ಒಣಗುವುದಿಲ್ಲ. ಸ್ವಲ್ಪ ಬಿಸಿ ಬೇಕು. ಸಾಪೇಕ್ಷ ತೇವಾಂಶ ಎಂದರೆ ಬಸ್ಸು ಎಷ್ಟು ತುಂಬಿದೆ ಎಂಬ ಲೆಕ್ಕ. ಅದೇ ಪ್ರಯಾಣಿಕರನ್ನು ದೊಡ್ಡ ಬಸ್ಸಿಗೆ ಹತ್ತಿಸಿದರೆ ನೂಕುನುಗ್ಗಲು ಕಡಿಮೆಯಾಗುತ್ತದೆ. ಬಿಸಿ ಗಾಳಿಯಲ್ಲಿ ನೀರಾವಿಗೆ ಜಾಗ ಜಾಸ್ತಿ. 26 ಡಿಗ್ರಿಯಲ್ಲಿ 90 ಇದ್ದ ಗಾಳಿಯನ್ನು 29 ಡಿಗ್ರಿಗೆ ತಂದರೆ ತೇವಾಂಶ ಸುಮಾರು 76ಕ್ಕೆ ಇಳಿಯುತ್ತದೆ. ಒಂದು ತೊಟ್ಟು ನೀರನ್ನೂ ತೆಗೆದಿಲ್ಲ, ಮೂರು ಡಿಗ್ರಿ ಏರಿಸಿದ್ದಷ್ಟೇ. ಕಪಾಟಿನೊಳಗೆ ಹಳೇ ಬಲ್ಬು ಉರಿಸುತ್ತಿದ್ದುದು ಇದಕ್ಕೇ. ಎಲ್‌ಇಡಿಯಿಂದ ಆ ಕೆಲಸ ಆಗದು. ಬಲ್ಬು ಬಟ್ಟೆಗೆ ತಾಗದಂತೆ ಮಾತ್ರ ಎಚ್ಚರ ಇರಲಿ.

ನಮ್ಮ ಹಳೆಯ ಹಂಚಿನ ಮನೆಗಳಲ್ಲಿ ಈ ಬಿಸಿ ಸುಮ್ನೆ ಸಿಗುತ್ತಿತ್ತು. ಬಚ್ಚಲು ಒಲೆ ಉರಿಯುತ್ತಿತ್ತು, ಅದರ ಮೇಲೆ ಬಟ್ಟೆ ಒಣಗುತ್ತಿತ್ತು. ಅಟ್ಟದಲ್ಲಿಟ್ಟ ವಸ್ತುಗಳಿಗೆ ಅಡುಗೆಮನೆಯ ಬಿಸಿ ತಾಗುತ್ತಿತ್ತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಇಲ್ಲಿನ ನದಿ ಬಯಲಿನ ಜೇಡಿಮಣ್ಣಿನಿಂದ ಆದ ಹಂಚು ಕಡಲು ದಾಟಿ ದೂರದೂರಿಗೆ ಹೋಯಿತು. ಒಂದಕ್ಕೊಂದು ಕೊಕ್ಕೆ ಹಾಕಿ ಜೋಡಿಸುವ ಈ ಹಂಚುಗಳ ಸಂದಿಯಲ್ಲಿ ಮಳೆ ಇಳಿಯುವುದಿಲ್ಲ, ಬಿಸಿ ಗಾಳಿ ಮಾತ್ರ ಮೇಲೇರಿ ಹೊರಗೆ ಹೋಗುತ್ತದೆ. ಅಲ್ಲಲ್ಲಿ ಒಂದೊಂದು ಗಾಜಿನ ಹಂಚು, ಬೆಳಕಿಗೆ. ಆ ಮನೆಗಳನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ಅಡುಗೆಮನೆಯ ಹೊಗೆ ಹೆಂಗಸರ ಕಣ್ಣು, ಶ್ವಾಸಕೋಶ ಎರಡನ್ನೂ ಹಾಳುಮಾಡಿತು. ಬಿಸಿಯೂ ಗಾಳಿಯೂ ವಾಪಸ್ ಬರಲಿ, ಹೊಗೆ ಬೇಡ. ಈಗ ಟೆರೇಸಿನ ಮೇಲೆ ಎಲ್ಲೆಲ್ಲೂ ಶೀಟು ಹಾಕುತ್ತಾರಲ್ಲ, ನೋಡಲು ಚಂದವಿಲ್ಲದಿದ್ದರೂ ಅದು ಬುದ್ಧಿವಂತ ಕೆಲಸ. ಸ್ಲ್ಯಾಬಿಗೆ ಮಳೆಯೂ ಬಿಸಿಲೂ ನೇರವಾಗಿ ತಾಗುವುದಿಲ್ಲ, ನಡುವೆ ಗಾಳಿ ಓಡುತ್ತದೆ.

ಗಿಡಗಳ ಬಗ್ಗೆ ಒಂದೆರಡು ಮಾತು ಸಾಕು. ಮನಿ ಪ್ಲಾಂಟ್ ಕೋಣೆಯ ಗಾಳಿಯನ್ನು ಶುದ್ಧ ಮಾಡುತ್ತದೆ ಎಂಬ ಮಾತು 1989ರ ನಾಸಾ ಪ್ರಯೋಗದಿಂದ ಹಬ್ಬಿತು. ಆ ಪ್ರಯೋಗ ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಯಲ್ಲಿ. ಕಿಟಕಿ, ಬಾಗಿಲ ಸಂದಿಯಿಂದ ತಾನಾಗಿ ಆಗುವ ಕೆಲಸವನ್ನು ಗಿಡಗಳು ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಎಂದು ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಕಮಿಂಗ್ಸ್ ಮತ್ತು ವೇರಿಂಗ್ 2019ರಲ್ಲಿ ಲೆಕ್ಕ ಹಾಕಿದರು. ಹಸಿರು ಕಣ್ಣಿಗೆ ತಂಪು, ಗಿಡ ಇಡಿ. ಆದರೆ ಕುಂಡದ ಒದ್ದೆ ಮಣ್ಣು ಕೋಣೆಯ ತೇವ ಹೆಚ್ಚಿಸುತ್ತದೆ, ಮಳೆಗಾಲದಲ್ಲಿ ಬಾಲ್ಕನಿಯಲ್ಲಿರಲಿ.

ಎಸಿ ಗಾಳಿಯ ನೀರನ್ನು ತೆಗೆಯುತ್ತದೆ, ಆ ಮಟ್ಟಿಗೆ ಒಳ್ಳೆಯದೇ. ಅತಿ ಮಾಡಿದರೆ ತೊಂದರೆ. ಮಳೆಗಾಲದಲ್ಲಿ ನಮ್ಮ ಗಾಳಿ 24-25 ಡಿಗ್ರಿಗೆ ತಣಿದರೆ ಸಾಕು, ಆವಿ ಹನಿಯಾಗುತ್ತದೆ. ಎಸಿಯನ್ನು 20ಕ್ಕೆ ಇಟ್ಟರೆ ಗೋಡೆಯೂ ತಣ್ಣಗಾಗಿ, ಆಚೆ ಕೋಣೆಯ ಕಡೆ ಬೆವರುತ್ತದೆ. 26 ಸಾಕು, ಮೇಲೆ ಫ್ಯಾನು. ಇನ್ನೊಂದು, ನಾವು ಹಾಕಿಸುವ ಸ್ಪ್ಲಿಟ್ ಎಸಿ ಸಾಮಾನ್ಯವಾಗಿ ಹೊರಗಿನ ಗಾಳಿಯನ್ನು ತರುವುದಿಲ್ಲ, ಇದ್ದ ಗಾಳಿಯನ್ನೇ ತಿರುಗಿಸುತ್ತದೆ. ಇಬ್ಬರು ಮಲಗಿದ ಮುಚ್ಚಿದ ಕೋಣೆಯಲ್ಲಿ ಬೆಳಿಗ್ಗೆ ಹೊತ್ತಿಗೆ ಇಂಗಾಲದ ಡೈಆಕ್ಸೈಡ್ ಹೊರಗಿನದರ ಹಲವು ಪಟ್ಟು ಆಗಿರುತ್ತದೆ. ಬಾಗಿಲು ಸ್ವಲ್ಪ ತೆರೆದಿಡಿ.

ಹೊಸ ಫ್ಲ್ಯಾಟು ನೋಡಲು ಹೋಗುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಮಷಿನ್ನಿನಲ್ಲಿ ಹಿಂಡಿ ತೆಗೆದ ಒಂದು ಸಲದ ಬಟ್ಟೆಯಲ್ಲಿ ಸುಮಾರು ಎರಡು ಲೀಟರ್ ನೀರು ಉಳಿದಿರುತ್ತದೆ. ಹತ್ತು ಅಡಿಗೆ ಹದಿಮೂರು ಅಡಿಯ ಕೋಣೆಯ ಗಾಳಿ 27 ಡಿಗ್ರಿಯಲ್ಲಿ ಪೂರ್ತಿ ತುಂಬಿದರೂ ಹಿಡಿಯುವುದು ಒಂದು ಲೀಟರಿಗಿಂತ ಕಡಿಮೆ. ಮಳೆಗಾಲದಲ್ಲಿ ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಹರಡಿದರೆ ಉಳಿದ ನೀರು ಹೋಗುವುದು ಗೋಡೆಗೆ, ಹಾಸಿಗೆಗೆ, ಕಪಾಟಿಗೆ. ಜಾಹೀರಾತಿನಲ್ಲಿ ವೆಲ್‌ನೆಸ್ ಎಂದು ಬರೆದು ಯೋಗದ ಹಾಲು, ಜಿಮ್ಮು ತೋರಿಸುತ್ತಾರೆ. ಮಳೆಯಲ್ಲಿ ಬಟ್ಟೆ ಒಣಗಿಸುವ, ಮಾಡು ಇರುವ, ಎರಡು ಕಡೆ ಗಾಳಿ ಆಡುವ ಜಾಗ ಎಲ್ಲಿ ಎಂದು ಕೇಳಿ. ನಕ್ಷೆಯಲ್ಲಿ ಅದನ್ನು ಬೆರಳಿಟ್ಟು ತೋರಿಸಲಾಗದಿದ್ದರೆ ಬೇರೆ ಫ್ಲ್ಯಾಟು ನೋಡಿ.