ಸ್ಪಂಜಿನಿಂದ ಕೆಸರಿಗೆ: ಕಡಲ ಮದ್ದಿನ ಹುಡುಕಾಟ ಬಂದ ದಾರಿ

ಕಾರವಾರದ ಬೈತಖೋಲ್ ಬಂದರಿನಲ್ಲಿ ಟ್ರಾಲ್ ಬೋಟಿನವರು ಬಲೆ ಜಾಡಿಸಿದಾಗ ಮೀನಿನ ಜತೆ ಬೇಡದ್ದೂ ಬೀಳುತ್ತದೆ. ಸ್ಪಂಜಿನ ಚೂರು, ಪಾಚಿ, ಹೆಸರು ಗೊತ್ತಿಲ್ಲದ ಲೋಳೆ ಜೀವಿಗಳು. ಸಿಗಡಿ, ಬಂಗಡೆ ಆರಿಸಿಕೊಂಡ ಮೇಲೆ ಉಳಿದದ್ದನ್ನು ಯಾರೂ ತಿರುಗಿ ನೋಡುವುದಿಲ್ಲ. ರಸಾಯನ ವಿಜ್ಞಾನಿಗಳಿಗೆ ಮಾತ್ರ ಅದರ ಮೇಲೇ ಕಣ್ಣು.

ಕಾರಣ ಸರಳ. ಸ್ಪಂಜು ಒಂದು ಕಡಲ ಪ್ರಾಣಿ, ಆದರೆ ಅದಕ್ಕೆ ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ, ಅಡಗಲು ಚಿಪ್ಪೂ ಇಲ್ಲ. ಬಂಡೆಗೆ ಅಂಟಿಕೊಂಡೇ ಬದುಕಬೇಕು. ಆದರೂ ಮೀನುಗಳು ಅದನ್ನು ತಿಂದು ಮುಗಿಸಿಲ್ಲ ಅಂದರೆ ಮೈಯಲ್ಲಿ ಏನೋ ವಿಷ ಇರಬೇಕು ಅಲ್ವಾ? ಆ ವಿಷ ಅಳತೆಯಲ್ಲಿ ಕೊಟ್ಟರೆ ಮದ್ದಾದೀತೇ ಎಂಬ ಪ್ರಶ್ನೆಗೆ ಈಗ ಮುಕ್ಕಾಲು ಶತಮಾನ.

ಮೊದಲ ಗಟ್ಟಿ ಉತ್ತರ ಸಿಕ್ಕಿದ್ದು ಅಮೆರಿಕದಲ್ಲಿ. 1950ರ ಆಸುಪಾಸಿನಲ್ಲಿ ವರ್ನರ್ ಬರ್ಗ್‌ಮನ್ ಮತ್ತು ರಾಬರ್ಟ್ ಫೀನಿ ಕೆರಿಬಿಯನ್ ಕಡೆಯ ಒಂದು ಸ್ಪಂಜಿನಿಂದ ವಿಚಿತ್ರ ಅಣುಗಳನ್ನು ಬೇರ್ಪಡಿಸಿದರು. ನೋಡಲು ಡಿಎನ್‌ಎ ಕಟ್ಟುವ ಬಿಡಿಭಾಗಗಳ ಹಾಗೇ, ಒಳಗಿನ ಸಕ್ಕರೆ ಮಾತ್ರ ಬೇರೆ. ಅದೇ ಮಾದರಿಯನ್ನು ಇಟ್ಟುಕೊಂಡು ಪ್ರಯೋಗಾಲಯದಲ್ಲಿ ಸೈಟರಾಬಿನ್ ತಯಾರಾಯಿತು. ಕ್ಯಾನ್ಸರ್ ಕೋಶ ಮೋಸಹೋಗಿ ಇದನ್ನು ತನ್ನ ಡಿಎನ್‌ಎಗೆ ಸೇರಿಸಿಕೊಂಡರೆ ನಕಲು ಮಾಡುವ ಕೆಲಸ ಅಲ್ಲಿಗೇ ಕೆಡುತ್ತದೆ. 1969ರಲ್ಲಿ ಇದಕ್ಕೆ ಅಮೆರಿಕದ ಒಪ್ಪಿಗೆ ಸಿಕ್ಕಿತು. ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ ಇವತ್ತಿಗೂ ಇದನ್ನೇ ಕೊಡುತ್ತಾರೆ.

ಆ ಸಲ ಅದೃಷ್ಟ ಚೆನ್ನಾಗಿತ್ತು. ಅಣು ಚಿಕ್ಕದು, ಲ್ಯಾಬಿನಲ್ಲೇ ತಯಾರಿಸಬಹುದಾದದ್ದು. ಮುಂದಿನವು ಹಾಗಿರಲಿಲ್ಲ. 1986ರಲ್ಲಿ ಜಪಾನಿನವರು ಇನ್ನೊಂದು ಸ್ಪಂಜಿನಲ್ಲಿ ಹ್ಯಾಲಿಕಾಂಡ್ರಿನ್ ಬಿ ಎಂಬ ಅಣು ಕಂಡುಹಿಡಿದರು. ಕ್ಯಾನ್ಸರಿನ ಮೇಲೆ ಜೋರು ಪರಿಣಾಮ. ಪರೀಕ್ಷೆಗೆ ಬೇಕೆಂದು ನ್ಯೂಜಿಲೆಂಡಿನ ಕಡಲಿನಿಂದ ಒಂದು ಟನ್ ಸ್ಪಂಜು ಎತ್ತಿದರೆ ಸಿಕ್ಕಿದ್ದು ಸುಮಾರು 300 ಮಿಲಿಗ್ರಾಂ. ಹಡಗಿನ ತಳಕ್ಕೆ ಅಂಟಿ ಬೆಳೆಯುವ ಬುಗುಲಾ ಎಂಬ ಪಾಚಿಯಂಥ ಪ್ರಾಣಿಯದೂ ಅದೇ ಕತೆ: ಹತ್ತು ಟನ್ನಿಗೂ ಜಾಸ್ತಿ ಅರೆದು ಪಡೆದ ಬ್ರಯೋಸ್ಟಾಟಿನ್ ಎಂಬ ಅಣು ಹದಿನೆಂಟು ಗ್ರಾಂ. ನನ್ನ ಪ್ರಕಾರ ಕಡಲ ಮದ್ದಿನ ಚರಿತ್ರೆ ಅಂದರೆ ಹೊಸ ಅಣು ಸಿಕ್ಕಿದ್ದರ ಚರಿತ್ರೆ ಅಲ್ಲ, ಸಾಕಷ್ಟು ಸಿಗದೇ ಹೋದದ್ದರ ಚರಿತ್ರೆ.

ಇಷ್ಟು ಕಡಿಮೆ ಏಕೆ ಅಂತ ತಿಳಿಯಲು ಲ್ಯಾಬಿನೊಳಗೆ ಇಣುಕಬೇಕು. ತಂದ ಸ್ಪಂಜನ್ನು ಮೊದಲು ಮಂಜುಗಡ್ಡೆಯಲ್ಲಿಡುತ್ತಾರೆ, ಇಲ್ಲದಿದ್ದರೆ ಗಂಟೆಗಳಲ್ಲಿ ಕೊಳೆತು ನಾರುತ್ತದೆ. ಆಮೇಲೆ ಹೆಚ್ಚಿ ಮೆಥನಾಲಿನಲ್ಲಿ ನೆನೆಹಾಕುತ್ತಾರೆ. ದ್ರಾವಣವನ್ನು ಸೋಸಿ, ಒತ್ತಡ ತಗ್ಗಿಸಿ ಕಡಿಮೆ ಬಿಸಿಯಲ್ಲೇ ಆವಿ ಮಾಡಿದರೆ ಫ್ಲಾಸ್ಕಿನ ತಳದಲ್ಲಿ ಶಿರಸಿ ಕಡೆಯ ಜೋನಿ ಬೆಲ್ಲದಂಥ ಕಂದು ಅಂಟು ಉಳಿಯುತ್ತದೆ. ಅದರಲ್ಲಿ ನೂರಾರು ಬಗೆಯ ಅಣುಗಳು, ಜತೆಗೆ ರಾಶಿ ಉಪ್ಪು. ಇದನ್ನು ಹೆಕ್ಸೇನ್, ಈಥೈಲ್ ಅಸಿಟೇಟ್ ಅಂತ ಬೇರೆ ಬೇರೆ ದ್ರಾವಕಗಳಲ್ಲಿ ಪಾಲು ಮಾಡುತ್ತಾರೆ. ಪ್ರತಿ ಪಾಲನ್ನೂ ಪುಟ್ಟ ಕಾಗದದ ಬಿಲ್ಲೆಗೆ ಹಾಕಿ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆ ಮೇಲಿಡುತ್ತಾರೆ. ಮರುದಿನ ಬಿಲ್ಲೆಯ ಸುತ್ತ ಬೆಳೆ ಇಲ್ಲದ ಖಾಲಿ ವೃತ್ತ ಕಂಡರೆ ಆ ಪಾಲಿನಲ್ಲಿ ಏನೋ ಇದೆ ಅಂತ ಅರ್ಥ. ಆ ಪಾಲನ್ನು ಸಿಲಿಕಾ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿ ಮತ್ತೆ ಒಡೆಯುವುದು, ಮತ್ತೆ ಬಿಲ್ಲೆ, ಮತ್ತೆ ತಟ್ಟೆ. ಕೊನೆಗೆ ಒಂದೇ ಅಣು ಶುದ್ಧವಾಗಿ ಕೈಗೆ ಬಂದಾಗ ಅದು ಸೀಸೆಯ ತಳದಲ್ಲಿ ಕಣ್ಣಿಗೆ ಕಂಡೂ ಕಾಣದ ಪುಡಿ. ಎನ್‌ಎಂಆರ್ ಯಂತ್ರದಲ್ಲಿಟ್ಟು ಅದರ ರಚನೆ ಬಿಡಿಸಿದಾಗ, ಅಯ್ಯೋ, ಎಂದೋ ಯಾರೋ ಕಂಡುಹಿಡಿದ ಹಳೆಯ ಅಣುವೇ ಆಗಿರುವುದು ಮಾಮೂಲು.

ಹ್ಯಾಲಿಕಾಂಡ್ರಿನ್ ದೊಡ್ಡ ಅಣು. ಅದರ ಕೆಲಸಕ್ಕೆ ಬರುವ ಅರ್ಧ ಭಾಗವನ್ನಷ್ಟೇ ಅರವತ್ತಕ್ಕೂ ಜಾಸ್ತಿ ಹಂತಗಳಲ್ಲಿ ಕೃತಕವಾಗಿ ಕಟ್ಟಿದರು. ಅದೇ ಎರಿಬುಲಿನ್. 2010ರಲ್ಲಿ ಸ್ತನ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು. ಎಲ್ಲಾ ಅಣುವಿಗೂ ಇಂಥ ಪಾಡು ಪಡುವವರು ಸಿಗಬೇಕಲ್ಲ.

ತಿರುವು ಸಿಕ್ಕಿದ್ದು ಬೇರೆ ಕಡೆಯಿಂದ. ಟ್ರಾಬೆಕ್ಟೆಡಿನ್ ಎಂಬ ಕ್ಯಾನ್ಸರ್ ಮದ್ದು ಸಿಕ್ಕಿದ್ದು ಕೆರಿಬಿಯನ್ನಿನ ಕಡಲ ಚೀಲದಂಥ ಜೀವಿಯಿಂದ. ಆದರೆ ಅದನ್ನು ತಯಾರಿಸುತ್ತಿದ್ದದ್ದು ಆ ಜೀವಿ ಅಲ್ಲ, ಅದರೊಳಗೆ ಬಿಡಾರ ಹೂಡಿದ್ದ ಬ್ಯಾಕ್ಟೀರಿಯಾ ಅಂತ ಆಮೇಲೆ ಗೊತ್ತಾಯಿತು. ಈಗ ಕಂಪನಿ ಇನ್ನೊಂದು ಬ್ಯಾಕ್ಟೀರಿಯಾವನ್ನು ತೊಟ್ಟಿಯಲ್ಲಿ ಬೆಳೆಸಿ, ಅದು ಕೊಡುವ ಹತ್ತಿರದ ಅಣುವನ್ನೇ ತಿದ್ದಿ ಈ ಮದ್ದು ಮಾಡುತ್ತದೆ. ಕಡಲಿಗೆ ಇಳಿಯುವ ಪ್ರಮೇಯವೇ ಇಲ್ಲ. ನಿಜ ಹೇಳಬೇಕೆಂದರೆ ಕಡಲಂಚಿನ ಸೂಕ್ಷ್ಮಜೀವಿಗಳಲ್ಲೇ ಮದ್ದಿದೆ ಎಂಬ ಸುಳಿವು 1945ರಲ್ಲೇ ಇತ್ತು. ಇಟಲಿಯ ಸಾರ್ಡಿನಿಯಾದಲ್ಲಿ ಜ್ಯುಸೆಪೆ ಬ್ರೋಟ್ಸು ಊರಿನ ಗಟಾರು ಕಡಲಿಗೆ ಸೇರುವಲ್ಲಿಂದ ಒಂದು ಶಿಲೀಂಧ್ರ ಹಿಡಿದಿದ್ದರು. ನಾವು ಇವತ್ತು ನುಂಗುವ ಸೆಫಲೋಸ್ಪೊರಿನ್ ಎಂಬ ಆಂಟಿಬಯೋಟಿಕ್ ಮಾತ್ರೆಗಳ ಮೂಲ ಅದೇ.

ಇದಕ್ಕೆ ಘಟ್ಟದ ಮೇಲೂ ಒಂದು ಜೋಡಿ ಕತೆ ಇದೆ. ಪಶ್ಚಿಮ ಘಟ್ಟದ ನೊಥಾಪೊಡೈಟಿಸ್ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್ ಮದ್ದಿನ ಮೂಲವಸ್ತು ಇದೆ ಅಂತ 1972ರಲ್ಲಿ ತಿಳಿದದ್ದೇ ತಡ, ಮರಗಳಿಗೆ ಕೊಡಲಿ ಬಿತ್ತು. 2005ರಲ್ಲಿ ಅದೇ ಮರದೊಳಗಿನ ಒಂದು ಶಿಲೀಂಧ್ರವೂ ಅದೇ ವಸ್ತು ಮಾಡುತ್ತದೆ ಎಂಬ ವರದಿ ಬಂತು. ಆದರೆ ಇಂಥ ಶಿಲೀಂಧ್ರಗಳು ಲ್ಯಾಬಿನಲ್ಲಿ ಕೆಲವು ಪೀಳಿಗೆ ಕಳೆದ ಮೇಲೆ ಸುಮ್ನೆ ಕೆಲಸ ನಿಲ್ಲಿಸಿಬಿಡುತ್ತವೆ.

ಅಂತೂ ಹುಡುಕಾಟ ಸೂಕ್ಷ್ಮಜೀವಿಗಳ ಕಡೆ ತಿರುಗಿದ್ದರಿಂದ ನಮ್ಮ ಕರಾವಳಿಯಲ್ಲೂ ಈಗ ಬೆಲೆ ಬಂದಿರುವುದು ಕೆಸರಿಗೆ. ಕಾಳಿ, ಅಘನಾಶಿನಿ ನದಿಗಳ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕಪ್ಪು ಕೆಸರು ದಿನಕ್ಕೆ ಎರಡು ಸಲ ಉಪ್ಪು ನೀರಿನಲ್ಲಿ ಮುಳುಗಿ ಏಳುತ್ತದೆ. ಅಲ್ಲಿರುವ ಆಕ್ಟಿನೊಮೈಸೀಟ್ ಎಂಬ ಬ್ಯಾಕ್ಟೀರಿಯಾಗಳ ಮೇಲೆ ಎಲ್ಲರಿಗೂ ಆಸೆ. ಮೊದಲ ಮಳೆಗೆ ಮಣ್ಣಿನ ವಾಸನೆ ಬರುವುದು ಇದೇ ಕುಲದ ಬ್ಯಾಕ್ಟೀರಿಯಾಗಳಿಂದ. ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯೋಟಿಕ್ ಬಂದದ್ದೂ ಅವುಗಳಿಂದಲೇ. ಸ್ಪಂಜಿನ ಹಾಗೆ ಟನ್ನುಗಟ್ಟಲೆ ಬೇಡ, ಒಂದು ಚಮಚ ಸಾಕು. ತಟ್ಟೆಯ ಮೇಲೆ ಸೀಮೆಸುಣ್ಣದ ಪುಡಿಯಂತೆ ಒಣ ಚುಕ್ಕೆಗಳೆದ್ದರೆ ಅವೇ. ಕಷ್ಟ ಏನೆಂದರೆ ಕಡಲ ಬ್ಯಾಕ್ಟೀರಿಯಾಗಳಲ್ಲಿ ತಟ್ಟೆಯಲ್ಲಿ ಬೆಳೆಯಲು ಒಪ್ಪುವವು ನೂರಕ್ಕೆ ಒಂದರಷ್ಟೂ ಇಲ್ಲ.

ಈ ಕೆಲಸಕ್ಕೆ ಜಾಗ ನಮ್ಮಲ್ಲಿ ಹೊಸದೇನಲ್ಲ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ 1966ರಿಂದ ಇದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕೊಚ್ಚಿಯಲ್ಲಿ ನೀಲಿಕಲ್ಲು ಎಂಬ ಚಿಪ್ಪುಜೀವಿಯ ಸಾರದಿಂದ ಕೀಲುನೋವಿನ ಕ್ಯಾಪ್ಸೂಲು ಮಾಡಿದೆ. ಆದರೆ ಅದು ಪೂರಕ ಆಹಾರದ ಲೆಕ್ಕ, ಔಷಧಿ ಅಲ್ಲ. ಪತ್ರಿಕೆಗಳಲ್ಲಿ ಈ ವ್ಯತ್ಯಾಸ ಆಗಾಗ ಮಾಯವಾಗುತ್ತದೆ. ತಟ್ಟೆಯ ಮೇಲೆ ಖಾಲಿ ವೃತ್ತ ಕಂಡರೆ ಸಾಕು, 'ಕ್ಯಾನ್ಸರಿಗೆ ಮದ್ದು' ಅಂತ ಬರೆದುಬಿಡುತ್ತಾರೆ.

ಕೆಸರಿಗೆ ಬೆಲೆ ಬಂದ ಮೇಲೆ ಅದು ಯಾರದು ಎಂಬ ಪ್ರಶ್ನೆಯೂ ಬಂತು. 2001ರಲ್ಲಿ ಹವಳ, ಕಡಲ ಸೌತೆ ಎಂಬ ಪ್ರಾಣಿಗಳು ವನ್ಯಜೀವಿ ಕಾಯ್ದೆಯ ಒಳಗೆ ಬಂದವು. ನೇತ್ರಾಣಿ ದ್ವೀಪದ ಬಳಿ ಮುಳುಗಿ ಹವಳ ಕಿತ್ತು ತರುವಂತಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ವಿದೇಶಿ ಕಂಪನಿ ಇಲ್ಲಿನ ಸೂಕ್ಷ್ಮಜೀವಿ ಒಯ್ಯಲು ಚೆನ್ನೈನ ರಾಷ್ಟ್ರೀಯ ಪ್ರಾಧಿಕಾರದ ಒಪ್ಪಿಗೆ ಬೇಕು, ಲಾಭದಲ್ಲಿ ಪಾಲನ್ನೂ ಕೊಡಬೇಕು. ಪಂಚಾಯತಿ ಮಟ್ಟದಲ್ಲಿ ಇದಕ್ಕೆಂದೇ ಸಮಿತಿಗಳಿವೆ, ದಾಖಲೆ ಪುಸ್ತಕವಿದೆ. ಆದರೆ ಈಗ ಕೆಸರು ಒಯ್ಯಬೇಕೆಂದೇನೂ ಇಲ್ಲ. ಬ್ಯಾಕ್ಟೀರಿಯಾದ ಜೀನುಗಳನ್ನು ಓದಿ ಕಂಪ್ಯೂಟರಿಗೆ ಹಾಕಿದರೆ ಜಗತ್ತಿನ ಯಾವ ಮೂಲೆಯಲ್ಲಾದರೂ ಅದರ ಅಣು ಕಟ್ಟಲು ಹೊರಡಬಹುದು. 2024ರಲ್ಲಿ ಕೊಲಂಬಿಯಾದಲ್ಲಿ ಸೇರಿದ ದೇಶಗಳು ಇಂಥ ಮಾಹಿತಿಯಿಂದ ಲಾಭ ಮಾಡುವ ಕಂಪನಿಗಳು ಹಣ ಹಾಕಲೆಂದು ಒಂದು ನಿಧಿ ಮಾಡಲು ಒಪ್ಪಿದವು. ಅದರಲ್ಲಿ ಕನಿಷ್ಠ ಅರ್ಧ ಮೂಲನಿವಾಸಿಗಳಿಗೆ, ಸ್ಥಳೀಯ ಸಮುದಾಯಗಳಿಗೆ ಹೋಗಬೇಕು ಎಂಬ ಆಶಯವಿದೆ. ಕಂಪನಿಗಳು ಹಣ ಹಾಕುವುದು ಮಾತ್ರ ಅವರವರ ಇಷ್ಟಕ್ಕೆ ಬಿಟ್ಟದ್ದು.